‘ವರದಕ್ಷಿಣೆ ಬೇಡ’ ಎಂದು ಬಂದವನು

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತು ಒಂದು ಪತ್ತೇದಾರಿ ಕಾದಂಬರಿಯ ಬಗ್ಗೆ ಮಾತಾಡುತ್ತೇನೆಂದು ನಾನು ಹೇಳಿದಾಗ ನಿಮ್ಮಲ್ಲಿ ಕೆಲವರು ಮುಖ ಮುಖ ನೋಡಿಕೊಂಡಿರಿ. ಸಂಘದ ಸಭೆ ಎಂದರೆ ಉಳಿತಾಯ, ಸಾಲ, ಕಂತು. ಕೊನೆಗೆ ವರದಕ್ಷಿಣೆಯ ಪಿಡುಗಿನ ಮೇಲೆ ಒಂದು ಭಾಷಣ. ಇದರ ನಡುವೆ ಇಂಗ್ಲಿಷಿನ ಕೊಲೆ ಕಥೆ ಎಲ್ಲಿಂದ ಬಂತು ಎಂದು ಕೇಳಬಹುದು. ಸ್ವಲ್ಪ ತಾಳ್ಮೆ ಇರಲಿ. ಕಥೆ ನಡೆಯುವುದು ನ್ಯೂಯಾರ್ಕಿನಲ್ಲಿ. ಅಲ್ಲಿಂದ ನಾನು ನಿಮ್ಮನ್ನು ನಮ್ಮದೇ ಬಸ್‌ಸ್ಟ್ಯಾಂಡುಗಳಿಗೆ ಕರೆತರುತ್ತೇನೆ.

ಕಾದಂಬರಿಯ ಹೆಸರು ‘ಲವ್ಸ್ ಮ್ಯೂಸಿಕ್, ಲವ್ಸ್ ಟು ಡಾನ್ಸ್’. ಸಂಗೀತ ಇಷ್ಟ, ಕುಣಿಯುವುದು ಇಷ್ಟ ಎಂದು ಅರ್ಥ. ಪ್ರಕಟವಾದದ್ದು 1991ರಲ್ಲಿ. ಬರೆದವರು ಮೇರಿ ಹಿಗಿನ್ಸ್ ಕ್ಲಾರ್ಕ್ ಎಂಬ ಅಮೆರಿಕದ ಲೇಖಕಿ. ಕಾದಂಬರಿಗಿಂತ ಮೊದಲು ಈಕೆಯ ಬಗ್ಗೆ ಎರಡು ಮಾತು ಹೇಳಲೇಬೇಕು. 1964ರಲ್ಲಿ ಗಂಡ ಹೃದಯಾಘಾತದಿಂದ ತೀರಿಕೊಂಡಾಗ ಈಕೆಗೆ ಐದು ಜನ ಮಕ್ಕಳು. ಸಂಸಾರ ನಡೆಸಲು ರೇಡಿಯೋಗೆ ಬರೆದುಕೊಡುವ ಕೆಲಸ ಹಿಡಿದರು. ಬೆಳಗಿನ ಜಾವ ಐದು ಗಂಟೆಗೆ ಎದ್ದು, ಮಕ್ಕಳು ಏಳುವ ತನಕ, ಅಡುಗೆಮನೆಯ ಮೇಜಿನ ಮೇಲೆ ಕಾದಂಬರಿ ಬರೆದರು. 2020ರಲ್ಲಿ ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಆ ದೇಶದಲ್ಲಿ ಅತಿ ಹೆಚ್ಚು ಓದುಗರಿದ್ದ ಲೇಖಕಿಯರಲ್ಲಿ ಒಬ್ಬರಾಗಿದ್ದರು. ಬೆಳಗಿನ ಜಾವದ ಆ ಎರಡು ಗಂಟೆಯ ಬೆಲೆ ಏನೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಆಗಿನ್ನೂ ಇಂಟರ್‌ನೆಟ್ ಜನಸಾಮಾನ್ಯರ ಕೈಗೆ ಬಂದಿರಲಿಲ್ಲ. ಅಲ್ಲಿನ ಪತ್ರಿಕೆಗಳಲ್ಲಿ ಒಂಟಿ ಗಂಡಸರು, ಒಂಟಿ ಹೆಂಗಸರು ಸಂಗಾತಿ ಬೇಕೆಂದು ಜಾಹೀರಾತು ಕೊಡುತ್ತಿದ್ದರು. ನಮ್ಮ ಭಾನುವಾರದ ಪೇಪರಿನ ‘ವಧು ಬೇಕಾಗಿದೆ’ ಇದ್ದ ಹಾಗೆ. ಜಾತಿ, ಗೋತ್ರ, ನಕ್ಷತ್ರದ ಬದಲು ಯಾವ ಸಂಗೀತ ಇಷ್ಟ, ಯಾವ ಊಟ ಇಷ್ಟ ಎಂಬ ವಿವರ. ಹೆಸರು, ವಿಳಾಸ ಇಲ್ಲ. ಬಾಕ್ಸ್ ನಂಬರ್ ಮಾತ್ರ. ಕಾಗದ ಬರೆದರೆ ಆ ಕಡೆಯಿಂದ ಫೋನು ಬರುತ್ತದೆ, ಎಲ್ಲಾದರೂ ಹೋಟೆಲಿನಲ್ಲಿ ಭೇಟಿ. ಇವತ್ತು ಮೊಬೈಲಿನಲ್ಲಿರುವ ಡೇಟಿಂಗ್ ಆ್ಯಪ್ ಮಾಡುವುದೂ ಇದನ್ನೇ. ಕಾಗದ ಹೋಗಿ ಬರಲು ವಾರ ಬೇಕಿತ್ತು, ಈಗ ನಿಮಿಷ ಸಾಕು, ಅಷ್ಟೆ.

ಎರಿನ್ ಮತ್ತು ಡಾರ್ಸಿ ಇಬ್ಬರು ಗೆಳತಿಯರು. ಎರಿನ್ ಒಡವೆಗಳ ವಿನ್ಯಾಸ ಮಾಡುವವಳು, ಡಾರ್ಸಿ ಮನೆಗಳ ಒಳಾಂಗಣ ಅಲಂಕಾರ ಮಾಡುವವಳು. ಟೆಲಿವಿಷನ್ನಿನಲ್ಲಿ ಕೆಲಸ ಮಾಡುವ ಇನ್ನೊಬ್ಬ ಗೆಳತಿ ಈ ಜಾಹೀರಾತುಗಳ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಲು ಹೊರಟಿದ್ದಾಳೆ. ಅವಳಿಗೆ ಸಹಾಯವಾಗಲೆಂದು ಇವರಿಬ್ಬರೂ ಜಾಹೀರಾತುಗಳಿಗೆ ಉತ್ತರ ಬರೆದು, ಬಂದ ಗಂಡಸರನ್ನು ಭೇಟಿಯಾಗುತ್ತಾರೆ. ಒಂದು ದಿನ ಎರಿನ್ ಕಾಣೆಯಾಗುತ್ತಾಳೆ. ಆಮೇಲೆ ಶವ ಸಿಗುತ್ತದೆ. ಒಂದು ಕಾಲಲ್ಲಿ ಅವಳದೇ ಪಾದರಕ್ಷೆ, ಇನ್ನೊಂದು ಕಾಲಲ್ಲಿ ಅವಳದಲ್ಲದ, ಕುಣಿತಕ್ಕೆ ತೊಡುವ ಚಪ್ಪಲಿ. ಹದಿನೈದು ವರ್ಷದ ಹಿಂದೆ ಇನ್ನೊಬ್ಬ ಹುಡುಗಿಯೂ ಹೀಗೆಯೇ ಸತ್ತಿದ್ದಳು. ನಡುವೆ ಕಾಣೆಯಾದವರು ಮತ್ತೂ ಕೆಲವರಿದ್ದಾರೆ. ಅವರ ಮನೆಗಳಿಗೆ ಅಂಚೆಯಲ್ಲಿ ಪಾರ್ಸೆಲ್ ಬರತೊಡಗುತ್ತದೆ. ಬಿಚ್ಚಿದರೆ ಮಗಳ ಒಂಟಿ ಪಾದರಕ್ಷೆ, ಜೊತೆಗೆ ಕುಣಿತದ ಒಂಟಿ ಚಪ್ಪಲಿ. ಇಲ್ಲಿಂದ ಮುಂದೆ ಡಾರ್ಸಿ ಸುಮ್ಮನೆ ಕೂರುವುದಿಲ್ಲ. ಎರಿನ್ ಯಾರ್‍ಯಾರನ್ನು ಭೇಟಿಯಾಗಿದ್ದಳೋ ಅವರನ್ನೇ ತಾನೂ ಹುಡುಕಿಕೊಂಡು ಹೊರಡುತ್ತಾಳೆ.

ಇಂಥ ಕಾದಂಬರಿಗಳಲ್ಲಿ ಕೊಲೆಗಾರನ ಹೆಸರು ಹೇಳಬಾರದು ಎಂಬ ಶಿಷ್ಟಾಚಾರವಿದೆ. ನಾನು ಹೇಳಿಬಿಡುತ್ತೇನೆ, ಯಾಕೆಂದರೆ ನಮಗೆ ಬೇಕಾದ ವಿಷಯ ಅದರಲ್ಲೇ ಇದೆ. ಕೊಲೆಗಾರ ಒಬ್ಬ ಮನೋವೈದ್ಯ. ಈ ಜಾಹೀರಾತುಗಳ ಅಪಾಯದ ಬಗ್ಗೆಯೇ ಪುಸ್ತಕ ಬರೆಯುತ್ತಿದ್ದೇನೆಂದು ಹೇಳಿಕೊಂಡು ಬರುವವನು. ಗೆಳತಿಯನ್ನು ಕಳೆದುಕೊಂಡ ಡಾರ್ಸಿಗೆ ಸಮಾಧಾನ ಹೇಳುವವನೂ ಅವನೇ, ಅವಳ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವವನೂ ಅವನೇ. ಕೆಟ್ಟವನ ಮುಖ ನೋಡಿದರೇ ತಿಳಿಯುತ್ತದೆ ಎಂದು ನಂಬಿರುವವರು ಈ ಪುಸ್ತಕವನ್ನು ಒಮ್ಮೆ ಓದಬೇಕು. ಹೆಂಡತಿಗೆ ಹೊಡೆಯುವ ಗಂಡ ಬೀದಿಯಲ್ಲಿ ಎಷ್ಟು ಮೃದುವಾಗಿ ಮಾತಾಡುತ್ತಾನೆ ಎನ್ನುವುದು ಇಲ್ಲಿ ಕೂತಿರುವ ಎಷ್ಟೋ ಜನಕ್ಕೆ ಗೊತ್ತು.

ಮನೋವೈಜ್ಞಾನಿಕ ಕಾದಂಬರಿ ಎಂದರೆ ನಮಗೆ ನೆನಪಾಗುವುದು ತ್ರಿವೇಣಿ. ‘ಶರಪಂಜರ’ವನ್ನು ಓದದವರೂ 1971ರ ಸಿನಿಮಾದಲ್ಲಿ ಕಲ್ಪನಾ ಅವರನ್ನು ನೋಡಿರುತ್ತೀರಿ. ಅಲ್ಲಿ ಹೆಣ್ಣಿನ ಮನಸ್ಸಿಗೆ ಒಮ್ಮೆ ಕಾಯಿಲೆಯಾಯಿತು. ಗುಣವಾಗಿ ಬಂದರೂ ಊರು ಅವಳನ್ನು ಹುಚ್ಚಿ ಎಂದೇ ನೋಡಿತು. ಈ ಕಾದಂಬರಿಯಲ್ಲಿ ಹುಚ್ಚು ಗಂಡಸಿನದು, ಹದಿನೈದು ವರ್ಷದಿಂದ ಕೊಲ್ಲಿಸುತ್ತಾ ಬಂದಿರುವ ಹುಚ್ಚು. ಆದರೆ ಅವನು ಓದಿದವನು, ವೃತ್ತಿಯಲ್ಲಿ ಹೆಸರಿರುವವನು, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗ ಪುರುಷ ಪ್ರಧಾನ ಸಮಾಜ ಯಾರನ್ನು ಅನುಮಾನಿಸುತ್ತದೆ, ಯಾರನ್ನು ಬಿಟ್ಟುಬಿಡುತ್ತದೆ ಎನ್ನುವುದು ಕಾಣುತ್ತದೆ.

ಈ ಕಾದಂಬರಿಯ ಬಗ್ಗೆ ನನಗೆ ಒಂದು ತಕರಾರಿದೆ. ಹುಚ್ಚನೊಬ್ಬನನ್ನು ಹಿಡಿದರೆ ಎಲ್ಲ ಸರಿಹೋಯಿತು ಎಂಬಂತೆ ಕಥೆ ಮುಗಿದುಬಿಡುತ್ತದೆ. ಆ ಹೆಣ್ಣುಮಕ್ಕಳು ಅಪರಿಚಿತನ ಬಳಿಗೆ ಹೋಗುವಂತೆ ಮಾಡಿದ್ದು ಯಾವುದು, ಅವರು ಕಾಣೆಯಾದಾಗ ಹುಡುಕಿದವರು ಯಾರು, ಹುಡುಕದವರು ಯಾರು ಎಂಬ ಪ್ರಶ್ನೆಗಳನ್ನು ನಾವೇ ಕೇಳಿಕೊಳ್ಳಬೇಕು. ಅದಕ್ಕಾಗಿ ನಮ್ಮ ನಾಡಿಗೇ ಬರೋಣ.

2003ರಿಂದ 2009ರವರೆಗೆ ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರುಗಳ ಬಸ್‌ಸ್ಟ್ಯಾಂಡಿನ ಶೌಚಾಲಯಗಳಲ್ಲಿ ಒಬ್ಬೊಬ್ಬರಾಗಿ ಹೆಣ್ಣುಮಕ್ಕಳ ಶವ ಸಿಗುತ್ತಾ ಹೋದವು. ಬಾಗಿಲು ಒಳಗಿನಿಂದ ಹಾಕಿರುತ್ತಿತ್ತು. ಗುರುತು ಸಿಗದ ಹೆಂಗಸು, ಅಸ್ವಾಭಾವಿಕ ಸಾವು ಎಂದು ಬರೆದುಕೊಂಡು ಕಡತ ಮುಚ್ಚಲಾಗುತ್ತಿತ್ತು. ಒಂದು ಊರಿನ ಪೊಲೀಸರಿಗೆ ಇನ್ನೊಂದು ಊರಿನ ಸುದ್ದಿ ಇಲ್ಲ. 2009ರಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದಾಗ ಮನೆಯವರು, ಊರಿನವರು ಬಿಡದೆ ಗಲಾಟೆ ಮಾಡಿದರು. ಆಗ ತನಿಖೆ ಚುರುಕಾಯಿತು. ಅವಳ ಮೊಬೈಲಿನ ಕರೆಗಳ ಜಾಡು ಹಿಡಿದರೆ ಕಾಣೆಯಾದ ಇನ್ನೊಬ್ಬಳ ನಂಬರು, ಅಲ್ಲಿಂದ ಮತ್ತೊಬ್ಬಳದು. ಆ ವರ್ಷದ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದವನು ಮೋಹನ್ ಕುಮಾರ್, ಹಿಂದೆ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದವನು. ಪತ್ರಿಕೆಗಳು ಅವನನ್ನು ಸಯನೈಡ್ ಮೋಹನ ಎಂದವು. ಇಪ್ಪತ್ತು ಹೆಣ್ಣುಮಕ್ಕಳ ಕೊಲೆಯ ಆರೋಪ ಅವನ ಮೇಲೆ ಬಂತು. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಪ್ರಕರಣಗಳಲ್ಲಿ ಅವನನ್ನು ತಪ್ಪಿತಸ್ಥನೆಂದಿತು. ಎಲ್ಲ ವಿಚಾರಣೆ ಮುಗಿಯುವ ಹೊತ್ತಿಗೆ 2020 ಬಂದಿತ್ತು. ಅವನು ಕೊಟ್ಟ ಮಾತ್ರೆಯಿಂದ ಹೇಗೋ ಬದುಕಿ ಉಳಿದ ಒಬ್ಬ ಹೆಣ್ಣುಮಗಳು ನ್ಯಾಯಾಲಯದಲ್ಲಿ ನಿಂತು ಸಾಕ್ಷಿ ಹೇಳಿದರು. ಆಕೆಯ ಧೈರ್ಯಕ್ಕೆ ನನ್ನ ನಮಸ್ಕಾರ.

ಅವನು ಹೇಗೆ ಮಾಡುತ್ತಿದ್ದ ಎಂಬುದನ್ನು ಗಮನವಿಟ್ಟು ಕೇಳಿ. ಇಂಟರ್‌ನೆಟ್ ಬೇಕಾಗಲಿಲ್ಲ, ಜಾಹೀರಾತೂ ಬೇಕಾಗಲಿಲ್ಲ. ಬಡ ಮನೆಯ, ಮದುವೆಯಾಗದೆ ಉಳಿದ ಹೆಣ್ಣುಮಕ್ಕಳನ್ನು ಗುರುತಿಸಿ ಪರಿಚಯ ಮಾಡಿಕೊಳ್ಳುತ್ತಿದ್ದ. ಸುಳ್ಳು ಹೆಸರು. ಸರ್ಕಾರಿ ಕೆಲಸ ಎನ್ನುತ್ತಿದ್ದ. ಹುಡುಗಿಯ ಜಾತಿ ತಿಳಿದುಕೊಂಡು ತಾನೂ ಅದೇ ಜಾತಿ ಎನ್ನುತ್ತಿದ್ದ. ಎಲ್ಲಕ್ಕಿಂತ ಮೇಲೆ, ವರದಕ್ಷಿಣೆ ಬೇಡ ಎನ್ನುತ್ತಿದ್ದ. ಮದುವೆಗೆಂದು ಒಡವೆ ಹಾಕಿಕೊಂಡು ಬಾ, ಮನೆಯಲ್ಲಿ ಈಗಲೇ ಹೇಳಬೇಡ ಎಂದು ದೂರದ ಊರಿಗೆ ಕರೆದೊಯ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಇರಿಸಿಕೊಳ್ಳುತ್ತಿದ್ದ. ಮಾರನೆಯ ಬೆಳಿಗ್ಗೆ ಒಡವೆ ಕೋಣೆಯಲ್ಲೇ ಬಿಡಿಸಿ, ಬಸ್‌ಸ್ಟ್ಯಾಂಡಿಗೆ ಕರೆತಂದು, ಗರ್ಭ ನಿಲ್ಲದಂತೆ ಮಾತ್ರೆ ಎಂದು ಹೇಳಿ ಸಯನೈಡ್ ಕೊಡುತ್ತಿದ್ದ. ನುಂಗಿದರೆ ವಾಂತಿ ಬರಬಹುದು, ಶೌಚಾಲಯದ ಒಳಗೆ ಹೋಗಿ ತಗೋ ಎನ್ನುತ್ತಿದ್ದ. ಆಮೇಲೆ ಲಾಡ್ಜಿಗೆ ಹೋಗಿ ಒಡವೆ ಎತ್ತಿಕೊಂಡು ಊರಿಗೆ ಬಸ್ಸು ಹತ್ತುತ್ತಿದ್ದ.

ಆ ಹೆಣ್ಣುಮಕ್ಕಳು ಅಷ್ಟು ದಡ್ಡರೇ ಎಂದು ಕೇಳುವವರಿದ್ದಾರೆ. ಓದಿದವರ ಮನೆಗಳಲ್ಲೂ ಈ ಮಾತು ಕೇಳಿದ್ದೇನೆ. ಒಬ್ಬಳ ವಯಸ್ಸು ಇಪ್ಪತ್ತೆಂಟು ಎಂದಿಟ್ಟುಕೊಳ್ಳಿ. ಗಂಡಿನ ಕಡೆಯವರು ನಾಲ್ಕು ಸಲ ಬಂದು ಉಪ್ಪಿಟ್ಟು ತಿಂದು ಹೋಗಿದ್ದಾರೆ. ಪ್ರತಿ ಸಲವೂ ಮಾತು ಮುರಿದದ್ದು ಚಿನ್ನದ ಲೆಕ್ಕದಲ್ಲಿ. ಅಪ್ಪನ ಮುಖ ಸಣ್ಣದಾಗಿದೆ. ತಂಗಿಯರು ಕಾಯುತ್ತಿದ್ದಾರೆ. ಅಂಥ ಮನೆಯ ಹುಡುಗಿಗೆ ಒಬ್ಬ ಬಂದು ನನಗೆ ನೀನು ಸಾಕು, ಬೇರೇನೂ ಬೇಡ ಎಂದರೆ ಅವಳು ನಂಬುವುದರಲ್ಲಿ ದಡ್ಡತನ ಎಲ್ಲಿದೆ? ವರದಕ್ಷಿಣೆ ಕೇಳಿದ ಆ ನಾಲ್ಕು ಮನೆಯವರೂ ಮರ್ಯಾದಸ್ಥರು, ಯಾರೂ ಕೊಲೆ ಮಾಡಿದವರಲ್ಲ. ಆದರೆ ಬಲೆ ಹೆಣೆದವರು ಅವರು. ಇವನು ಬಂದು ಎಳೆದ.

ನ್ಯೂಯಾರ್ಕಿನ ಕಥೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಕಾಣೆಯಾದ ಮೇಲಿನದು. ಎರಿನ್ ಬರಬೇಕಾದಲ್ಲಿಗೆ ಬರದೇ ಹೋದಾಗ ಡಾರ್ಸಿಗೆ ತಕ್ಷಣ ಅನುಮಾನ ಬಂತು. ಎರಿನ್ ಯಾವ ಕೆಲಸಕ್ಕಾಗಿ ಯಾರನ್ನು ನೋಡುತ್ತಿದ್ದಳು ಎಂಬುದು ಅವಳಿಗೆ ಗೊತ್ತಿತ್ತು. ನಮ್ಮಲ್ಲಿ ಕಾಣೆಯಾದ ಎಷ್ಟೋ ಮನೆಗಳಲ್ಲಿ ಹೊರಟ ಮಾತು ಒಂದೇ: ‘ಓಡಿಹೋದಳು’. ಈ ಒಂದು ಶಬ್ದದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಗಂಡು ಮಗ ಮನೆ ಬಿಟ್ಟು ಹೋದರೆ ‘ಕಾಣೆಯಾಗಿದ್ದಾನೆ’ ಎಂದು ಪೇಪರಿನಲ್ಲಿ ಫೋಟೋ ಹಾಕಿಸುತ್ತೇವೆ. ಮಗಳು ಹೋದರೆ ಓಡಿಹೋದಳು ಎನ್ನುತ್ತೇವೆ. ಹಾಗೆಂದ ಮೇಲೆ ಹುಡುಕುವ ಕೆಲಸವಿಲ್ಲ, ದೂರು ಕೊಡುವ ಕೆಲಸವಿಲ್ಲ. ಎಲ್ಲೋ ಗಂಡನ ಜೊತೆ ಚೆನ್ನಾಗಿದ್ದಾಳೆ ಎಂದುಕೊಂಡು ಮರ್ಯಾದೆಗಾಗಿ ಬಾಯಿ ಮುಚ್ಚಿಕೊಳ್ಳಬಹುದು. ಅವಳ ಶವ ಆಗಲೇ ಇನ್ನೊಂದು ಜಿಲ್ಲೆಯ ಶವಾಗಾರದಲ್ಲಿ ಹೆಸರಿಲ್ಲದೆ ಬಿದ್ದಿರುತ್ತದೆ. ಕೊಲೆಗಾರನಿಗೆ ಆರು ವರ್ಷ ಅವಕಾಶ ಕೊಟ್ಟದ್ದರಲ್ಲಿ ಈ ಶಬ್ದದ ಪಾಲೂ ಇದೆ.

ಈಗ ಇಂಟರ್‌ನೆಟ್ಟಿನ ಮಾತು. 1990ರ ದಶಕದ ಕೊನೆಯಿಂದ ನಮ್ಮಲ್ಲಿ ಮದುವೆಯ ವೆಬ್‌ಸೈಟುಗಳು ಬಂದವು. ಎಷ್ಟೋ ಒಳ್ಳೆಯ ಮದುವೆಗಳೂ ಅಲ್ಲಿಂದ ಆಗಿವೆ. ಮೋಸವೂ ಬೆಳೆದಿದೆ. ವಿದೇಶದಲ್ಲಿ ಡಾಕ್ಟರು, ಇಂಜಿನಿಯರು ಎಂದು ಯಾರದೋ ಫೋಟೋ ಹಾಕಿಕೊಂಡವನು ತಿಂಗಳುಗಟ್ಟಲೆ ಪ್ರೀತಿಯಿಂದ ಮಾತಾಡಿ, ನಿನಗೆ ಉಡುಗೊರೆ ಕಳಿಸಿದ್ದೇನೆ ಎನ್ನುತ್ತಾನೆ. ಆಮೇಲೆ ವಿಮಾನ ನಿಲ್ದಾಣದ ಕಸ್ಟಮ್ಸಿನವರೆಂದು ಫೋನು: ಪಾರ್ಸೆಲ್ ಬಿಡಿಸಲು ಸುಂಕ ಕಟ್ಟಿ. ಕಟ್ಟಿದಷ್ಟೂ ಕೇಳುತ್ತಾರೆ. ವಿಧವೆಯರು, ವಿಚ್ಛೇದಿತೆಯರು ಇದಕ್ಕೆ ಹೆಚ್ಚು ಸಿಕ್ಕಿಬೀಳುತ್ತಾರೆ. ಎರಡನೆಯ ಮದುವೆಯ ಆಸೆಯನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ್ದರಿಂದ ಮೋಸವಾದದ್ದನ್ನೂ ಹೇಳಲಾಗುವುದಿಲ್ಲ. 2016ರಲ್ಲಿ ಕೇಂದ್ರ ಸರ್ಕಾರ ಈ ವೆಬ್‌ಸೈಟುಗಳಿಗೆ ಸೂಚನೆ ಕೊಟ್ಟು, ಹೆಸರು ನೋಂದಾಯಿಸುವವರಿಂದ ಗುರುತಿನ ದಾಖಲೆ ಪಡೆಯಬೇಕೆಂದಿತು. ದಾಖಲೆ ಇದ್ದ ಮಾತ್ರಕ್ಕೆ ಮನುಷ್ಯ ಒಳ್ಳೆಯವನಾಗುವುದಿಲ್ಲ ಎಂಬುದು ಬೇರೆ ಮಾತು.

ಇದನ್ನೆಲ್ಲ ಕೇಳಿ ಮನೆಗೆ ಹೋಗಿ ಮಗಳ ಕೈಯಿಂದ ಮೊಬೈಲು ಕಸಿದುಕೊಂಡರೆ ನನ್ನ ಭಾಷಣ ವ್ಯರ್ಥ. ಭಯದ ಕಥೆಗಳನ್ನು ಹೆಣ್ಣುಮಕ್ಕಳನ್ನು ಕಟ್ಟಿಹಾಕಲು ಬಳಸಿದ್ದು ಹಿಂದಿನಿಂದಲೂ ಇದೆ. ಕಸಿದುಕೊಂಡರೆ ಅವಳು ಗುಟ್ಟಾಗಿ ಇನ್ನೊಂದು ಇಟ್ಟುಕೊಳ್ಳುತ್ತಾಳೆ, ಗುಟ್ಟಿದ್ದಲ್ಲೇ ಇಂಥವರಿಗೆ ಅನುಕೂಲ. ಅಲ್ಲದೆ ಹಿರಿಯರು ನೋಡಿ, ಜಾತಕ ಕೂಡಿಸಿ, ಸಾವಿರ ಜನರೆದುರು ಮದುವೆ ಮಾಡಿಕೊಟ್ಟ ಹುಡುಗಿಯರೂ ಸೀಮೆಎಣ್ಣೆಯಲ್ಲಿ ಸುಟ್ಟುಹೋಗಿದ್ದಾರೆ. ಅಲ್ಲಿ ಅಪರಿಚಿತರು ಯಾರೂ ಇರಲಿಲ್ಲ. ಈ ಕಾದಂಬರಿಯ ಲೇಖಕಿ ಎರಿನ್‌ಳನ್ನು ಎಲ್ಲೂ ಹಂಗಿಸುವುದಿಲ್ಲ, ಜಾಹೀರಾತಿಗೆ ಉತ್ತರ ಬರೆದದ್ದೇ ತಪ್ಪು ಎನ್ನುವುದಿಲ್ಲ. ಆ ವಿಷಯಕ್ಕೆ ನನಗೆ ಆಕೆಯ ಮೇಲೆ ಗೌರವ.

ಕಾನೂನಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಗೆ 1986ರಲ್ಲಿ 4ಎ ಕಲಮು ಸೇರಿತು. ಮಗನನ್ನೋ ಮಗಳನ್ನೋ ಮದುವೆಯಾದರೆ ಇಷ್ಟು ಆಸ್ತಿ, ಇಷ್ಟು ಹಣ, ವ್ಯಾಪಾರದಲ್ಲಿ ಪಾಲು ಕೊಡುತ್ತೇವೆಂದು ಜಾಹೀರಾತು ಹಾಕುವುದು ಅಪರಾಧ, ಪ್ರಕಟಿಸಿದವರಿಗೂ ಶಿಕ್ಷೆಯಿದೆ. ಕಂಪ್ಯೂಟರು, ಮೊಬೈಲು ಬಳಸಿ ಬೇರೊಬ್ಬನ ವೇಷದಲ್ಲಿ ಮೋಸ ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಪ್ರಕಾರ ಮೂರು ವರ್ಷದ ತನಕ ಜೈಲು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೆಯ ಕಲಮಿನಲ್ಲಿ, ಗುರುತು ಮುಚ್ಚಿಟ್ಟೋ, ನಡೆಸಿಕೊಡುವ ಉದ್ದೇಶವಿಲ್ಲದೆ ಮದುವೆಯ ಮಾತು ಕೊಟ್ಟೋ ಹೆಣ್ಣಿನ ದೇಹವನ್ನು ಬಳಸಿಕೊಂಡವನಿಗೆ ಹತ್ತು ವರ್ಷದ ತನಕ ಶಿಕ್ಷೆ ಎಂದಿದೆ. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಫೋನು ಮಾಡಿ. ತಡ ಮಾಡಿದಷ್ಟೂ ಹಣ ಕೈಗೆ ಸಿಗದ ಹಾಗೆ ಖಾತೆಯಿಂದ ಖಾತೆಗೆ ಹೋಗಿಬಿಡುತ್ತದೆ. ಬೇರೆ ಸಹಾಯಕ್ಕೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ನಮ್ಮ ಸಂಘಗಳಲ್ಲಿ ಯಾರು ಎಷ್ಟು ಕಂತು ಕಟ್ಟಿದರು ಎಂಬ ಲೆಕ್ಕ ಪೈಸೆಯವರೆಗೆ ಇದೆ. ಒಬ್ಬಳು ಎರಡು ವಾರ ಸಭೆಗೆ ಬರದಿದ್ದರೆ ಮನೆಗೆ ಹೋಗಿ ವಿಚಾರಿಸುತ್ತೇವೆ, ಕಂತಿಗಾಗಿ. ಅದೇ ಕಾಲು ಇನ್ನೊಂದು ಕೆಲಸಕ್ಕೂ ನಡೆಯಲಿ. ಸದಸ್ಯೆಯೋ ಅವಳ ಮಗಳೋ ಹೊಸಬನೊಬ್ಬನನ್ನು ನೋಡಲು ಹೋಗುವುದಿದ್ದರೆ ಅವನ ಹೆಸರು, ಫೋನ್ ನಂಬರು, ಹೋಗುವ ಊರು, ಬರುವ ಹೊತ್ತು ಸಂಘದಲ್ಲಿ ಒಬ್ಬಳಿಗಾದರೂ ಗೊತ್ತಿರಲಿ. ಅವಳು ಅದನ್ನು ಊರಿಗೆಲ್ಲ ಹೇಳಬಾರದು. ಹೇಳಿದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಹೇಳಿದ ಹೊತ್ತಿಗೆ ಬರಲಿಲ್ಲವೆಂದರೆ ಮನೆಯವರು ಮರ್ಯಾದೆಯ ಮಾತು ಮುಗಿಸುವ ತನಕ ಕಾಯದೆ ನಾಲ್ಕು ಜನ ಹೆಂಗಸರು ಠಾಣೆಗೆ ಹೋಗಬೇಕು. ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಅಪರಾಧದ ದೂರನ್ನು ವಾಪಸು ಕಳಿಸುವಂತಿಲ್ಲ. ಎಲ್ಲಿ ನಡೆದಿದ್ದರೂ ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು, ಅದಕ್ಕೆ ಜೀರೋ ಎಫ್‌ಐಆರ್ ಎನ್ನುತ್ತಾರೆ. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಕೇಳಿ ತೆಗೆದುಕೊಳ್ಳಿ, ಒಂದು ಜೆರಾಕ್ಸ್ ಮಾಡಿಸಿ ಸಂಘದ ಕಡತದಲ್ಲಿ ಇಡಿ.