ಬದುವಿನ ಮೇಲೆ ನಿಂತ ಹುಡುಗ



ಸಾಹಿತ್ಯವು ಸಮಾಜದ ಕನ್ನಡಿ ಎಂಬ ಮಾತನ್ನು ನೀವು ಪರೀಕ್ಷೆಯ ಪ್ರಬಂಧಗಳಲ್ಲಿ ಹಲವು ಸಲ ಬರೆದಿರಬಹುದು. ಮಾತು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಕನ್ನಡಿಯನ್ನು ಯಾರು ಹಿಡಿದಿದ್ದಾರೆ, ಎಲ್ಲಿ ನಿಂತು ಹಿಡಿದಿದ್ದಾರೆ ಎಂಬುದಕ್ಕೆ ತಕ್ಕಂತೆ ಅದರಲ್ಲಿ ಕಾಣುವುದೂ ಬದಲಾಗುತ್ತದೆ. ದೂರದರ್ಶನದ ಕೆಲಸದಲ್ಲಿರುವ ನಮಗೆ ಇದು ದಿನನಿತ್ಯದ ಅನುಭವ. ಒಂದು ಗದ್ದೆಯನ್ನು ಯಜಮಾನರ ಮನೆಯ ಜಗಲಿಯಿಂದ ಚಿತ್ರೀಕರಿಸಿದರೆ ಹಸಿರು ಕಾಣುತ್ತದೆ. ಅದೇ ಗದ್ದೆಯ ಕೆಸರಿನಲ್ಲಿ ಕ್ಯಾಮೆರಾ ಇಟ್ಟರೆ ಬಗ್ಗಿದ ಬೆನ್ನುಗಳು ಕಾಣುತ್ತವೆ.

ಬಡತನ, ಜಾತಿಭೇದ ಮತ್ತು ಬಾಲ್ಯ ಒಟ್ಟಿಗೆ ಬರುವ ಮೂರು ಕಥನಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ. ಒಂದು ಜನಪದ ಹಾಡು, ಇನ್ನೊಂದು ಕಾದಂಬರಿ, ಮತ್ತೊಂದು ಆತ್ಮಕಥೆ. ಮೂರರಲ್ಲಿಯೂ ಹೊಲವಿದೆ, ಉಳುಮೆಯಿದೆ, ಮಕ್ಕಳಿದ್ದಾರೆ.

ಮೊದಲನೆಯದು ತುಳುನಾಡಿನ ಕೋಟಿ-ಚೆನ್ನಯರ ಪಾಡ್ದನ. ಪಾಡ್ದನಗಳು ತುಳು ಭಾಷೆಯ ಕಥನ ಗೀತೆಗಳು. ಭೂತಾರಾಧನೆಯ ಸಂದರ್ಭದಲ್ಲಿ ಇವನ್ನು ಹಾಡುತ್ತಾರೆ. ನಾಟಿ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರೂ ಹಾಡುತ್ತಾರೆ. ದೇಯಿ ಬೈದೆತಿ ಎಂಬಾಕೆ ಮದ್ದು ಬಲ್ಲವಳು. ಪಡುಮಲೆಯ ಬಲ್ಲಾಳನ ಕಾಲಿನ ಗಾಯವನ್ನು ವಾಸಿ ಮಾಡಿದವಳು. ಅವಳ ಅವಳಿ ಮಕ್ಕಳೇ ಕೋಟಿ ಮತ್ತು ಚೆನ್ನಯ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು ಮಾವ ಸಾಯನ ಬೈದ್ಯರ ಆಶ್ರಯದಲ್ಲಿ ಬೆಳೆಯುತ್ತಾರೆ. ದೊಡ್ಡವರಾಗಿ ಬಲ್ಲಾಳನಿಂದ ಗದ್ದೆ ಪಡೆಯುತ್ತಾರೆ. ಪಕ್ಕದ ಗದ್ದೆ ಬುದ್ಯಂತನದು. ಅವನು ಅರಮನೆಯ ಅಧಿಕಾರಸ್ಥ. ಜಗಳ ಹುಟ್ಟುವುದು ಗದ್ದೆಯ ನೀರಿನ ವಿಷಯಕ್ಕೆ. ಅದು ಬುದ್ಯಂತನ ಕೊಲೆಯಲ್ಲಿ ಮುಗಿಯುತ್ತದೆ. ಅಣ್ಣತಮ್ಮಂದಿರು ಊರು ಬಿಡುತ್ತಾರೆ, ಕೊನೆಗೆ ಎಣ್ಮೂರಿನ ಕಾಳಗದಲ್ಲಿ ಮಡಿಯುತ್ತಾರೆ. ಇಂದಿಗೂ ತುಳುನಾಡಿನ ಗರಡಿಗಳಲ್ಲಿ ಅವರಿಗೆ ಪೂಜೆ ಸಲ್ಲುತ್ತದೆ.

ಇದನ್ನು ಬರಿಯ ವೀರಗಾಥೆಯೆಂದು ಓದಿ ಬಿಡುವುದುಂಟು. ಆದರೆ ಕಥೆಯ ತಿರುಳನ್ನು ಗಮನಿಸಿ. ಬಿಲ್ಲವ ಕುಲದ ಹುಡುಗರಿಗೆ ಭೂಮಿ ಸಿಕ್ಕಿತು; ಅದಕ್ಕೆ ಹಾಯಬೇಕಾದ ನೀರು ಸುಲಭವಾಗಿ ಸಿಗಲಿಲ್ಲ. ಕೊಟ್ಟಂತೆ ಮಾಡಿ ತಡೆಯುವುದು ಹಳೆಯ ಉಪಾಯ. ಅದನ್ನು ಅನುಭವಿಸಿದ ಜನರು ಶಾಸನ ಕೆತ್ತಿಸಲಿಲ್ಲ, ಗ್ರಂಥ ಬರೆಯಲಿಲ್ಲ. ನಾಟಿ ಮಾಡುತ್ತ ಹಾಡಿ ಉಳಿಸಿಕೊಂಡರು.

ಎರಡನೆಯದು ಅದೇ ನಾಡಿನ ಕಥೆ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾಯಿತು. ಕೋಟಿ-ಚೆನ್ನಯರಿಗೆ ಗದ್ದೆಯಾದರೂ ಇತ್ತು. ಅಸ್ಪೃಶ್ಯನೆನಿಸಿಕೊಂಡ ಚೋಮನಿಗೆ ಗೇಣಿಗೂ ಭೂಮಿಯಿಲ್ಲ. ಅವನ ಬಳಿ ಎತ್ತುಗಳಿವೆ, ದುಡಿಯುವ ತೋಳುಗಳಿವೆ, ಬೇಸಾಯಗಾರನಾಗಬೇಕೆಂಬ ಆಸೆಯಿದೆ. ಅದೊಂದೇ ಆಸೆ. ಸಾಲ ತೀರಿಸಲು ಗಂಡುಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪುತ್ತಾರೆ. ಕಿರಿಯ ಮಗ ನೀಲ ಹೊಳೆಯಲ್ಲಿ ಮುಳುಗುವಾಗ ಎತ್ತಬಹುದಾದ ಕೈಗಳು ಹತ್ತಿರದಲ್ಲೇ ಇದ್ದವು. ಮುಟ್ಟಿದರೆ ಮೈಲಿಗೆ ಎಂಬ ಕಾರಣಕ್ಕೆ ಅವು ಮುಂದೆ ಬರಲಿಲ್ಲ.

ಈ ಕಾದಂಬರಿಯಲ್ಲಿ ನೀವು ವಿಶೇಷವಾಗಿ ಗಮನಿಸಬೇಕಾದ ಪಾತ್ರ ಒಡೆಯ ಸಂಕಪ್ಪಯ್ಯನದು. ಅವನು ದುಷ್ಟನಲ್ಲ. ಚೋಮನ ಮೇಲೆ ಅವನಿಗೆ ಕರುಣೆಯಿದೆ, ತುಂಡು ಭೂಮಿ ಕೊಡಬಹುದೆಂದೂ ಅನ್ನಿಸುತ್ತದೆ. ಆದರೆ ಹಿಂದಿನಿಂದ ಬಂದದ್ದನ್ನು ಮೀರಬಾರದೆಂಬುದು ಅವನ ತಾಯಿಯ ನಿಲುವು. ಸಂಕಪ್ಪಯ್ಯ ಸುಮ್ಮನಾಗುತ್ತಾನೆ. ಪೂರ್ವಗ್ರಹ ಉಳಿಯುವುದಕ್ಕೆ ಎಲ್ಲರೂ ಕ್ರೂರಿಗಳಾಗಬೇಕಿಲ್ಲ. ಒಳ್ಳೆಯವರು ಮನೆಯವರ ಮಾತಿಗೆ, ನೆರೆಯವರ ಬಾಯಿಗೆ ಅಂಜಿ ಸುಮ್ಮನಾದರೆ ಸಾಕು. ಕೊನೆಗೆ ಚೋಮ ಎತ್ತುಗಳನ್ನು ಕಾಡಿಗೆ ಅಟ್ಟುತ್ತಾನೆ. ದುಡಿ ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ. ಈ ಕಾದಂಬರಿಯನ್ನು ಬಿ.ವಿ. ಕಾರಂತರು 1975ರಲ್ಲಿ ಚಲನಚಿತ್ರವಾಗಿಸಿದರು. ಅದು ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ದೊರೆಯಿತು.

ಆ ಹೊತ್ತಿಗೆ ಕಾನೂನು ಸಾಕಷ್ಟು ಬದಲಾಗಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತ್ತು. ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ಕೊನೆಗೊಳಿಸಿ, ಉಳುವ ಗೇಣಿದಾರನಿಗೆ ಭೂಮಿಯ ಒಡೆತನದ ದಾರಿ ತೆರೆಯಿತು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಗೇಣಿದಾರನಾಗಲೂ ಬಿಡದಿದ್ದ ಚೋಮನಂಥವನು ಯಾವ ಗೇಣಿ ಚೀಟಿ ತೋರಿಸಿ ಭೂಮಿ ಕೇಳಬೇಕು? ಕಾನೂನಿನ ಪುಸ್ತಕದಲ್ಲಿ ಕಾಣದ ಈ ತೊಡಕು ಕಾದಂಬರಿ ಓದಿದವರಿಗೆ ತಟ್ಟನೆ ಹೊಳೆಯುತ್ತದೆ. ಸಾಹಿತ್ಯ ಓದುವುದರ ಒಂದು ಪ್ರಯೋಜನ ಇದು.

ಮೂರನೆಯದು ಕವಿ ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’. ಇದರ ಮೊದಲ ಭಾಗ 1990ರ ದಶಕದಲ್ಲಿ ಪ್ರಕಟವಾಯಿತು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಅವರು ತಮ್ಮ ಬಾಲ್ಯದ ಒಂದು ನೋಟವನ್ನು ಅದರಲ್ಲಿ ದಾಖಲಿಸಿದ್ದಾರೆ. ಜಮೀನ್ದಾರರ ಹೊಲದಲ್ಲಿ ಇಬ್ಬರು ಮನುಷ್ಯರು ಹೆಗಲ ಮೇಲೆ ನೊಗ ಹೊತ್ತು ಎತ್ತುಗಳಂತೆ ನಡೆಯುತ್ತಿದ್ದಾರೆ, ಹಿಂದಿನಿಂದ ಇನ್ನೊಬ್ಬ ಉಳುತ್ತಿದ್ದಾನೆ. ನೋಡುತ್ತ ನಿಂತ ಹುಡುಗನಿಗೆ ಮೊದಲು ಅದೊಂದು ಮೋಜಿನ ನೋಟ. ನೊಗ ಹೊತ್ತವರಲ್ಲಿ ಒಬ್ಬರು ತನ್ನ ತಂದೆ ಎಂದು ತಿಳಿದ ಕ್ಷಣ ಆ ಮೋಜು ಸಂಕಟವಾಗುತ್ತದೆ.

ಬೆಳೆಯುವುದು ಎಂದರೇನು ಎಂಬ ಪ್ರಶ್ನೆಗೆ ನಾವು ವಯಸ್ಸು, ಎತ್ತರ, ತರಗತಿ ಇವುಗಳನ್ನು ಲೆಕ್ಕ ಹಾಕಿ ಉತ್ತರಿಸುತ್ತೇವೆ. ಆ ಹುಡುಗ ಬದುವಿನ ಬಳಿ ಒಂದೇ ಗಳಿಗೆಯಲ್ಲಿ ಬೆಳೆದುಬಿಟ್ಟ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಮಾತು ಹೇಳಬೇಕು. ಕಣ್ಣಿಗೆ ಬಿದ್ದ ದೃಶ್ಯ ಬದಲಾಗಲಿಲ್ಲ. ನೊಗ ಅದೇ, ಹೊಲ ಅದೇ. ಬದಲಾದದ್ದು ನೋಡುವವನಿಗೂ ನೋಟಕ್ಕೂ ಇದ್ದ ಸಂಬಂಧ.

ಈಗ ಮೂರನ್ನೂ ಒಟ್ಟಿಗೆ ಇಟ್ಟು ನೋಡೋಣ. ಪಾಡ್ದನದ ಹುಡುಗರು ಸತ್ತ ಮೇಲೆ ದೈವಗಳಾದರು. ಚೋಮನ ನೀಲ ನೀರಿನಲ್ಲಿ ಮುಳುಗಿದ. ಅವನ ಕಥೆಯನ್ನು ಕರುಣೆಯುಳ್ಳ ಇನ್ನೊಬ್ಬರು ಹೇಳಬೇಕಾಯಿತು. ಕಾರಂತರು ಆ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದರು, ಅದಕ್ಕೆ ನಾವು ಋಣಿಗಳು. ಆದರೆ ಮಂಚನಬೆಲೆಯ ಹುಡುಗ ಬದುಕಿ ಉಳಿದ. ಬೆಂಗಳೂರಿನ ವಿದ್ಯಾರ್ಥಿನಿಲಯದಲ್ಲಿದ್ದು ಓದಿದ, ಕವಿಯಾದ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ಪ್ರಾಧ್ಯಾಪಕನಾದ. 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ. 2021ರಲ್ಲಿ ತೀರಿಕೊಂಡ ಸಿದ್ದಲಿಂಗಯ್ಯನವರು ತಮ್ಮ ಕಥೆಯನ್ನು ತಾವೇ ಹೇಳಿ ಹೋದರು. ಅದನ್ನು ಅಳುತ್ತ ಹೇಳಲಿಲ್ಲ. ‘ಊರು ಕೇರಿ’ಯ ಪುಟಪುಟದಲ್ಲಿಯೂ ನಗುವಿದೆ. ಹಸಿವಿನ ಬಗ್ಗೆ, ಅವಮಾನದ ಬಗ್ಗೆ ನಕ್ಕು ಹೇಳುವಾಗ ಓದುಗ ಅಯ್ಯೋ ಪಾಪ ಎಂದು ದೂರ ನಿಲ್ಲಲಾರ. ಜೊತೆಯಲ್ಲಿ ನಗುತ್ತಾನೆ, ನಕ್ಕ ಮೇಲೆ ಯೋಚಿಸುತ್ತಾನೆ.

ನೀಲನಿಗೂ ಈ ಹುಡುಗನಿಗೂ ನಡುವೆ ಇರುವುದು ಪ್ರತಿಭೆಯ ಅಂತರವಲ್ಲ. ನಡುವೆ ಬಂದದ್ದು ಒಂದು ಶಾಲೆ, ಒಂದು ವಿದ್ಯಾರ್ಥಿನಿಲಯ, ಎರಡು ಹೊತ್ತಿನ ಊಟ, ಓದಲು ಪುಸ್ತಕ. ಇಷ್ಟು ದೊರೆಯದೆ ನಮ್ಮ ಭಾಷೆ ಎಷ್ಟು ಆತ್ಮಕಥೆಗಳನ್ನು ಕಳೆದುಕೊಂಡಿದೆಯೋ ಲೆಕ್ಕವಿಲ್ಲ.

ಮಿತ್ರರೇ, ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಅಜ್ಜಿಯನ್ನೋ, ಹೊಲದಲ್ಲಿ ದುಡಿದ ಹಿರಿಯರನ್ನೋ ಕೇಳಿ ನೋಡಿ: ಕೆರೆಯ ನೀರು ಮೊದಲು ಯಾರ ಗದ್ದೆಗೆ ಹೋಗುತ್ತಿತ್ತು? ಬಾವಿಗೆ ಯಾರು ಇಳಿಯುವಂತಿರಲಿಲ್ಲ? ಶಾಲೆಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು? ಅವರು ಹಾಡಿದ್ದನ್ನೂ ಹೇಳಿದ್ದನ್ನೂ ಅವರದೇ ಮಾತಿನಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮ ತರಗತಿಯಲ್ಲೇ ಹಿಂದಿನ ಬೆಂಚಿನಲ್ಲಿ ಯಾರೊಡನೆಯೂ ಮಾತಾಡದೆ ಕೂರುವ ಹುಡುಗನೋ ಹುಡುಗಿಯೋ ಇದ್ದರೆ, ಊಟದ ಡಬ್ಬಿ ತೆಗೆದುಕೊಂಡು ಆ ಬೆಂಚಿಗೆ ಹೋಗಿ. ಮನೆಯವರು, ಗೆಳೆಯರು ಏನೆನ್ನುವರೋ ಎಂದು ಸಂಕಪ್ಪಯ್ಯನಂತೆ ಸುಮ್ಮನಾಗಬೇಡಿ.