ಹಬ್ಬಕ್ಕೆ ಮೊದಲು ಒಂದು ಪಾತ್ರೆ ಸೂಪು

ಮಹಾಲಯ ಅಮಾವಾಸ್ಯೆಯಂದು ಹೈದರಾಬಾದಿನಲ್ಲಿ ಹೂವಿನ ಹಬ್ಬ ಬತುಕಮ್ಮ ಎಂಗಿಲಿ ಪೂಲ ಬತುಕಮ್ಮದೊಂದಿಗೆ ಶುರುವಾಗುತ್ತದೆ, ಮರುದಿನದಿಂದ ನವರಾತ್ರಿ. ಕರ್ನಾಟಕ ಸಾಹಿತ್ಯ ಮಂದಿರವಿರುವ ಕಾಚಿಗುಡದ ಕನ್ನಡ ಮನೆಗಳಿಗೂ ಅದು ಬಿಡುವಿಲ್ಲದ ವಾರ. ಗೊಂಬೆ ಕೂರಿಸಬೇಕು, ನೆಂಟರನ್ನು ನೋಡಿಕೊಳ್ಳಬೇಕು. ಬತುಕಮ್ಮದ ಕೊನೆಯ ದಿನವಾದ ಸದ್ದುಲ ಬತುಕಮ್ಮದಂದು ಪುಳಿಹೋರ, ಮೊಸರನ್ನ, ಎಳ್ಳಿನ ಅನ್ನ ನೆರೆಮನೆಯಿಂದಲೂ ಬರುತ್ತವೆ. ಎಲ್ಲರಿಗೂ ಬಡಿಸಿದವರು ಕೊನೆಗೆ ಆರಿದ್ದನ್ನು ನಿಂತೇ ತಿಂದು ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕೇ, ಹಬ್ಬಕ್ಕೆ ಮೊದಲೇ ಒಂದು ಪಾತ್ರೆ ತರಕಾರಿ ಸೂಪು ಮಾಡಿಡಿ ಎನ್ನುತ್ತೇನೆ. ರೈತು ಬಜಾರಿನ ಸೋರೆಕಾಯಿ, ಗಜ್ಜರಿ, ಟೊಮೆಟೊ, ಹಿಡಿ ಹೆಸರುಬೇಳೆ ಕುಕ್ಕರಿನಲ್ಲಿ ಬೆಂದರೆ ಸಾಕು. ಮಸೆದು, ಮೆಣಸು ಜೀರಿಗೆ ಪುಡಿ ಹಾಕಿ, ತುಪ್ಪದ ಒಗ್ಗರಣೆ ಕೊಡಿ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದರಿಂದ ವ್ರತದ ಮನೆಗೂ ಅಡ್ಡಿಯಿಲ್ಲ.

ಕುದಿಸಿದರೆ ಸತ್ವ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಿ ಜೀವಸತ್ವ ಬಿಸಿಗೆ ಒಂದಿಷ್ಟು ನಷ್ಟವಾಗುವುದು ನಿಜ. ಆದರೆ ಪಲ್ಯಕ್ಕೆ ಬೇಯಿಸಿದ ನೀರು ಚೆಲ್ಲಿದಾಗ ಜೊತೆಗೇ ಹೋಗುವ ಪೊಟ್ಯಾಸಿಯಂ ಸೂಪಿನಲ್ಲಿ ಬಟ್ಟಲಲ್ಲೇ ಉಳಿಯುತ್ತದೆ. ಟೊಮೆಟೊಗೆ ಕೆಂಪು ಕೊಡುವ ಲೈಕೊಪೀನ್ ಅಂತೂ ಬೆಂದು ತುಪ್ಪದ ಜೊತೆ ಸೇರಿದಾಗಲೇ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಪೊಟ್ಟಣದ ಪುಡಿಯೇ ಸುಲಭವಲ್ಲವೇ ಎನ್ನಬಹುದು. ಅದರಲ್ಲಿ ಸಾಮಾನ್ಯವಾಗಿ ಉಪ್ಪು ಹೆಚ್ಚು, ತರಕಾರಿ ಕಡಿಮೆ. ಹಳಸುವ ಭಯವಿದ್ದರೆ ಆರಿದ ಕೂಡಲೇ ಫ್ರಿಜ್ಜಿನಲ್ಲಿಡಿ. ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿಕೊಂಡರೆ ಎರಡು ಮೂರು ದಿನ ಬರುತ್ತದೆ.