ಕಲ್ಲಿದ್ದಲಿನ ಗ್ಯಾಸು: ಲಾಭ ಯಾರಿಗೆ, ಬಾಕಿ ಯಾರಿಗೆ?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾವು ಹೆಚ್ಚು ಓದಿದವರಲ್ಲ. ಆದರೆ ಭಟ್ಟಿಯ ಮುಂದೆ ನಿಂತು ಕಲಿತದ್ದು ಸ್ವಲ್ಪ ಉಂಟು. ಒಂದು ಮಳೆಗಾಲದ ರಾತ್ರಿ, ಇದ್ದಿಲಿನ ಕೆಂಡ ಆರುವ ಮೊದಲೇ ಅಡಿಗೆಮನೆಯ ಬಾಗಿಲು ಹಾಕಿ ಅಲ್ಲೇ ಮಲಗಿದೆವು. ಹೊಗೆ ಇರಲಿಲ್ಲ, ವಾಸನೆಯೂ ಇರಲಿಲ್ಲ. ಬೆಳಗ್ಗೆ ತಲೆ ಸಿಡಿಯುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಗಾಳಿ ಸಾಲದೆ ಉರಿದ ಇದ್ದಿಲು ಬಿಡುವ ಆ ವಿಷಕ್ಕೆ ಕಾರ್ಬನ್ ಮೊನಾಕ್ಸೈಡ್ ಎಂದು ಹೆಸರು.

ಕಲ್ಲಿದ್ದಲಿನಿಂದ ಗ್ಯಾಸು ಮಾಡುವವರಿಗೆ ಬೇಕಾದದ್ದು ಇದೇ. ಕಲ್ಲಿದ್ದಲನ್ನು ಪೂರ್ತಿ ಸುಡದೆ, ಅಳೆದಷ್ಟೇ ಆಮ್ಲಜನಕ ಮತ್ತು ಉಗಿ ಕೊಟ್ಟು ಕಾಯಿಸಿದರೆ ಈ ಅನಿಲವೂ ಜಲಜನಕವೂ ಹೊರಡುತ್ತವೆ. ಅವುಗಳಿಂದ ಯೂರಿಯಾ, ಮೆಥನಾಲ್ ತಯಾರಾಗುತ್ತವೆ. ಗಂಧಕವನ್ನೂ ಧೂಳನ್ನೂ ಮೊದಲೇ ಹಿಡಿಯಬಹುದು. ಅದು ಇದರ ಗುಣ. ಆದರೆ ಬೂದಿ, ಟಾರು, ಕೊಳೆನೀರು ಉಳಿಯುತ್ತವೆ. ಇಂಗಾಲದ ಡೈಆಕ್ಸೈಡನ್ನು ಹಿಡಿದಿಡದಿದ್ದರೆ ಅದು ಆಕಾಶಕ್ಕೇ ಸೇರುತ್ತದೆ.

ಕಲ್ಲಿದ್ದಲಿನ ಗ್ಯಾಸು ಈ ಊರಿಗೆ ಹೊಸತಲ್ಲ. 1865ರಲ್ಲಿ ಮುಂಬಯಿಯ ಬೀದಿಗಳಲ್ಲಿ ಉರಿದ ದೀಪಗಳದ್ದು ಅದೇ ಗ್ಯಾಸು. ಲಾಲ್‌ಬಾಗಿನ ಗ್ಯಾಸ್ ಕಂಪನಿ ಲೇನನ್ನು ಗಿರಣಿಯವರು ಯಾರು ಕಂಡಿಲ್ಲ?

ಈಗ ಇನ್ನೊಂದು ಉಪಾಯ ಬಂದಿದೆ: ಕಲ್ಲಿದ್ದಲನ್ನು ಅಗೆದು ತೆಗೆಯದೆ, ಭೂಮಿಯೊಳಗೇ ಬೆಂಕಿ ಕೊಟ್ಟು, ಕೊಳವೆಯಿಂದ ಗ್ಯಾಸು ಎಳೆಯುವುದು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಚಿಂಚಿಲ್ಲಾ ಎಂಬ ರೈತರ ಊರಿದೆ. ಅದರ ಹತ್ತಿರ ಲಿಂಕ್ ಎನರ್ಜಿ ಎಂಬ ಕಂಪನಿ ಇದನ್ನು ನಡೆಸಿತು. 2007ರಿಂದ 2013ರವರೆಗಿನ ಕೆಲಸದಲ್ಲಿ ನೆಲ ಬಿರುಕು ಬಿಟ್ಟು ಗ್ಯಾಸು ಸೋರಿತು. ಹೊಟ್ಟೆಗೆ ರಕ್ಷಣೆಯಾಗಲೆಂದು ಹಾಲು ಕುಡಿಯಿರಿ, ಮೊಸರು ತಿನ್ನಿರಿ ಎಂದು ತಮಗೆ ಹೇಳಿದ್ದರೆಂದು ಅಲ್ಲಿ ದುಡಿದವರು ನುಡಿದದ್ದು 2015ರಲ್ಲಿ ಸುದ್ದಿಯಾಯಿತು. ಅದೇ ವರ್ಷ, ಮುನ್ನೂರು ಚದರ ಕಿಲೋಮೀಟರಿಗೂ ಹೆಚ್ಚು ಜಾಗದಲ್ಲಿ ಎರಡು ಮೀಟರಿಗಿಂತ ಆಳ ಅಗೆಯಬಾರದೆಂದು ಸರಕಾರ ರೈತರಿಗೆ ಎಚ್ಚರಿಕೆ ಕೊಟ್ಟಿತು.

2016ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರಕಾರ ಈ ವಿಧಾನವನ್ನೇ ನಿಷೇಧಿಸಿತು. 2018ರಲ್ಲಿ ನ್ಯಾಯಾಲಯ ಕಂಪನಿಗೆ 45 ಲಕ್ಷ ಡಾಲರ್ ದಂಡ ಹಾಕಿತು. ಆದರೆ ಕಂಪನಿ 2016ರಲ್ಲೇ ದಿವಾಳಿಯೆದ್ದಿತ್ತು! ಬಾಗಿಲು ಹಾಕಿ ಹೋದ ಮಾಲೀಕನಿಂದ ಬಾಕಿ ವಸೂಲಾಗುವುದು ಹೇಗೆಂದು ಗಿರಣಿಯ ಬಂಧುಗಳಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇದು ದೂರದ ಮಾತೆಂದು ಬಿಡುವಂತಿಲ್ಲ. 2030ರೊಳಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಗ್ಯಾಸು ಮಾಡಬೇಕೆಂದು ನಮ್ಮ ಕೇಂದ್ರ ಸರಕಾರ ಗುರಿ ಇಟ್ಟಿದೆ. 2024ರ ಜನವರಿಯಲ್ಲಿ 8,500 ಕೋಟಿ ರೂಪಾಯಿಯ ನೆರವು ಮಂಜೂರು ಮಾಡಿತು. ಭೂಮಿಯೊಳಗಿನ ವಿಧಾನದ ಪ್ರಯೋಗವನ್ನೂ ಅದೇ ವರ್ಷ ಜಾರ್ಖಂಡಿನ ಜಾಮ್ತಾಡಾ ಜಿಲ್ಲೆಯ ಕಾಸ್ತಾದಲ್ಲಿ ಆರಂಭಿಸಿದರು.

ಬಂಧುಗಳೇ, ಗ್ಯಾಸೇ ಬೇಡವೆಂದು ನಾವು ಹೇಳುವುದಿಲ್ಲ. ದೇಶಕ್ಕೆ ಗೊಬ್ಬರ ಬೇಕು, ಗಣಿಯವನಿಗೆ ಕೆಲಸ ಬೇಕು. ನಾವು ಕೇಳುವುದು ಮೂರು ಮಾತು. ಬೆಂಕಿ ಕೊಡುವ ಮೊದಲು ಸುತ್ತಲಿನ ಬಾವಿಗಳ ನೀರು ಪರೀಕ್ಷೆಯಾಗಲಿ. ಆಮೇಲೂ ಆಗುತ್ತಿರಲಿ, ಲೆಕ್ಕ ಊರವರ ಕೈಗೆ ಸಿಗಲಿ. ಕಾರ್ಮಿಕನಿಗೆ ವಿಷಗಾಳಿ ತೋರಿಸುವ ಯಂತ್ರವೂ ವೈದ್ಯರ ತಪಾಸಣೆಯೂ ಇರಲಿ. ಹಾಲುಮೊಸರಿನ ಉಪದೇಶ ಸಾಲದು. ನೆಲ, ನೀರು ಕೆಟ್ಟರೆ ಸರಿಪಡಿಸುವ ಹಣವನ್ನು ಕಂಪನಿ ಮೊದಲೇ ಠೇವಣಿ ಇಡಲಿ.

ಕೆಂಡದ ಕೋಣೆಯ ಬಾಗಿಲು ಹಾಕುವ ಮೊದಲು ಒಳಗೆ ಯಾರು ಮಲಗಿದ್ದಾರೆಂದು ನೋಡಬೇಕು. ಅಷ್ಟನ್ನೇ ನಾವು ಕೇಳುತ್ತಿದ್ದೇವೆ.